ಕೂದಲು ಸುಟ್ಟ ವಾಸನೆ

ಕೊಳ್ಳೇಗಾಲದ ರೇಷ್ಮೆ ಅಂಗಡಿಗಳಲ್ಲಿ ಬಟ್ಟೆಯ ಜಾತಕ ನೋಡುವುದಕ್ಕೆ ಒಂದು ಬೆಂಕಿಕಡ್ಡಿ ಸಾಕು. ಸೆರಗಿನ ತುದಿಯಿಂದ ಒಂದೆಳೆ ಕಿತ್ತು ಹೊತ್ತಿಸಿ ಮೂಗಿನ ಹತ್ತಿರ ಹಿಡಿಯುತ್ತಾರೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗಟ್ಟಿ ಉಂಡೆ ಕಟ್ಟಿದರೆ ಮೋಸ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಅಪ್ಪಟ ರೇಷ್ಮೆ. ನಮ್ಮ ದೊಡ್ಡಪ್ಪ ಮಲ್ಲಿಕಾರ್ಜುನಸ್ವಾಮಿ ಗಿರಾಕಿಗಳ ಮುಂದೆ ಈ ಪರೀಕ್ಷೆ ಮಾಡುವಾಗ ಮುಖಕ್ಕೆ ತಂದುಕೊಳ್ಳುವ ಗಾಂಭೀರ್ಯ ಮಂಗಳಾರತಿ ಎತ್ತುವ ಅರ್ಚಕರಿಗೂ ಬರುವುದಿಲ್ಲ.

ಆದರೆ ಆ ದಿನ ಅವರು ಸುಡಲು ಹೊರಟದ್ದು ಸೀರೆಯ ಎಳೆಯನ್ನಲ್ಲ. ಅಂಗಡಿಯ ಬಿಳಿ ಮೆತ್ತೆಯ ಮೇಲೆ ಎಮ್ಮೆ ಮಲಗಿದಂತೆ ಒಂದು ಕಪ್ಪನೆಯ ದಪ್ಪ ಬಟ್ಟೆಯ ಸುರುಳಿ ಬಿದ್ದಿತ್ತು. ಬಿಡಿಸಿದರೆ ಅರ್ಧ ಅಂಗಡಿ ತುಂಬುವಷ್ಟಿತ್ತು. ದೊಡ್ಡಪ್ಪ ಎಳೆ ಕೀಳಲು ನೋಡಿದರು, ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದರು, ಹಲ್ಲೇ ಬರುವ ಹಾಗಾಯಿತು. ಕೊನೆಗೆ ಕತ್ತರಿ ಹಾಕಿ ತುಂಡೊಂದನ್ನು ತೆಗೆದು ಕಡ್ಡಿ ಗೀರಿದರು. ಎಳೆ ಚುರ್ರೆಂದು ಸುರುಟಿಕೊಂಡಿತು.

"ಮೂಸಿ ನೋಡಿ ಮೇಷ್ಟ್ರೇ."

ಬಸವಕುಮಾರ್ ಮೇಷ್ಟ್ರು ಕಣ್ಣು ಮುಚ್ಚಿ ಮೂಸಿದರು. "ಕೂದಲು ಸುಟ್ಟ ವಾಸನೆ!"

"ಬೂದಿ ನೋಡಿ. ಪುಡಿ ಪುಡಿ! ಅಪ್ಪಟ ರೇಷ್ಮೆ ಕಣ್ರೀ ಇದು. ಈಗಿನ ಕಾಲದಲ್ಲಿ ಮಗಳ ಧಾರೆಗೂ ಇಷ್ಟು ಅಪ್ಪಟದ್ದು ಯಾರೂ ತಗೊಳಲ್ಲ."

"ನಾನು ಅವತ್ತೇ ಹೇಳಲಿಲ್ಲವೇ ಸ್ವಾಮಿಯವರೇ? ಪಾಳೇಗಾರರ ಡೇರೆ. ಶಿಕಾರಿಗೆ ಹೋದಾಗ ಕಾಡಿನಲ್ಲಿ ಹೂಡುತ್ತಿದ್ದದ್ದು."

ಅವತ್ತು ಅವರು ಹೇಳಿದ್ದು ಆನೆಯ ಮೇಲೆ ಹೊದಿಸುವ ಜೂಲು ಎಂದು. ಅದನ್ನು ನೆನಪಿಟ್ಟುಕೊಂಡವಳು ನಾನೊಬ್ಬಳೇ. ನಾನು ಗಲ್ಲಾ ಪೆಟ್ಟಿಗೆಯ ಪಕ್ಕ ಕೂತಿದ್ದೆ. ಕೂದಲು ಸುಟ್ಟ ವಾಸನೆ ಬಂದಾಗ ಸುಟ್ಟದ್ದು ಕೂದಲೇ ಇರಬಹುದು ಎಂದು ಆ ಅಂಗಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಆ ಗಳಿಗೆಯಲ್ಲಿ ನನಗೂ ಹೊಳೆಯಲಿಲ್ಲ. ಇಲ್ಲಿ ಹುಟ್ಟಿದವರ ಮೂಗಿಗೆ ಆ ವಾಸನೆ ಎಂದರೆ ರೇಷ್ಮೆಯೇ.

ಬಸವಕುಮಾರ್ ಮೇಷ್ಟ್ರು ಇತಿಹಾಸದ ಉಪನ್ಯಾಸಕರಾಗಿ ನಿವೃತ್ತರಾದವರು. ಪಾಠ ಹೇಳುವಾಗ ಕಣ್ಣೆತ್ತಿ ನೋಡದ ಇತಿಹಾಸವನ್ನು ಪಿಂಚಣಿ ಶುರುವಾದ ಮೇಲೆ ಜೀಪಿನಲ್ಲಿ ಹುಡುಕಿಕೊಂಡು ಹೊರಟಿದ್ದರು. ಅವರೂ ದೊಡ್ಡಪ್ಪನೂ ಸೇರಿ ಪರಂಪರೆ ಬಳಗ ಎಂದು ಒಂದು ಸಂಘ ಕಟ್ಟಿದ್ದರು. ಯಳಂದೂರಿನಲ್ಲಿ ದೊಡ್ಡಪ್ಪನ ಬೀಗರ ಹಳೇ ಮನೆ ಖಾಲಿ ಬಿದ್ದಿತ್ತು. ಅದಕ್ಕೆ ಸುಣ್ಣ ಬಳಿದು ವಸ್ತುಸಂಗ್ರಹಾಲಯ ಎಂದು ಬೋರ್ಡು ತೂಗುಹಾಕಿದರು. ಅಲ್ಲಿರುವ 'ಪಾಳೇಗಾರರ ಖಡ್ಗ' ಲಾರಿಯ ಸ್ಪ್ರಿಂಗ್ ಪ್ಲೇಟು ಬಡಿದು ಮಾಡಿದ್ದು ಎಂದು ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಯಾವ ಟ್ರ್ಯಾಕ್ಟರ್ ಡ್ರೈವರನ್ನು ಕೇಳಿದರೂ ಹೇಳುತ್ತಾನೆ. 'ರಾಣಿಯ ಕನ್ನಡಿ'ಯ ಬೆನ್ನಿನಲ್ಲಿ ಅಂಗಡಿಯ ಚೀಟಿ ಕೆರೆದು ತೆಗೆದ ಗುರುತಿದೆ. ಇವುಗಳ ಕೆಳಗೆ ಇಡುವ ವಿವರದ ಚೀಟಿ ಬರೆಯುವ ಕೆಲಸ ನನ್ನದು.

"ನಮ್ಮ ಮೀನಾ ಜವಳಿ ವಿಷಯ ತಗೊಂಡು ಎಂ.ಎಸ್ಸಿ. ಮಾಡಿದಾಳೆ, ಮನೇಲಿ ಕೂತಿದಾಳೆ. ಅಕ್ಷರ ಮುತ್ತು ಪೋಣಿಸಿದಂಗಿದೆ. ಬಾಯಂತೂ ಇಲ್ವೇ ಇಲ್ಲ" ಎಂದು ದೊಡ್ಡಪ್ಪ ನನ್ನನ್ನು ಮೇಷ್ಟ್ರಿಗೆ ಒಪ್ಪಿಸಿದ್ದರು. ಮೇಷ್ಟ್ರಿಗೆ ಬೇಕಾಗಿದ್ದದ್ದು ಆ ಕೊನೆಯ ಅರ್ಹತೆ.

ಕಪ್ಪು ಬಟ್ಟೆ ಅವರ ಕಣ್ಣಿಗೆ ಬಿದ್ದದ್ದು ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯ ಹತ್ತಿರ, ಕಾಡಂಚಿನ ಒಂದು ರಾಗಿ ಹೊಲದಲ್ಲಿ. ಹಂದಿ, ಆನೆ ಕಾಯಲು ಮರದ ಮೇಲೆ ಕಟ್ಟಿದ ಅಟ್ಟಣೆಗೆ ಅದನ್ನು ಚಾವಣಿಯಾಗಿ ಹೊದಿಸಿದ್ದರು. ಮೇಷ್ಟ್ರು ಜೀಪು ನಿಲ್ಲಿಸಿ, ಫೋಟೋ ತೆಗೆದು ಒಂದು ವಾರದಲ್ಲಿ ವಾಪಸ್ ಕೊಡುತ್ತೇವೆ ಎಂದು ಹೇಳಿ, ಹೊಲದ ನಾಗಯ್ಯನವರ ಕೈಯಿಂದಲೇ ಅದನ್ನು ಬಿಚ್ಚಿಸಿ ಜೀಪಿಗೆ ಹಾಕಿಸಿಕೊಂಡು ಬಂದಿದ್ದರು. ಆಗ ರಾಗಿ ಇನ್ನೂ ಮೊಳಕಾಲುದ್ದ ಇತ್ತಂತೆ. ಅದು ತೆನೆಗೆ ಬಂದರೂ ಅವರ ಒಂದು ವಾರ ಮುಗಿದಿರಲಿಲ್ಲ.

ಎಳೆ ಸುಟ್ಟ ಎರಡು ದಿನಕ್ಕೆ ನಾಗಯ್ಯ ತಾಯಿಯನ್ನು ಕರೆದುಕೊಂಡು ಅಂಗಡಿಗೆ ಬಂದರು. ತಾಯಿ ದೊಡ್ಡಮಾದಮ್ಮ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು, ಬಿಳಿ ಮೆತ್ತೆಯನ್ನು ತುಳಿಯದೆ ಸುತ್ತುಬಳಸಿ ಬಂದು ದೊಡ್ಡಪ್ಪನ ಎದುರು ನಿಂತರು.

"ಸಾ, ನಮ್ ತಟ್ಟು ತಕಬಂದಿದ್ರಲ್ಲ, ಕೊಟ್ಬುಡಿ. ರಾಗಿ ತೆನೆ ಕಚ್ಚದೆ. ಇವ್ನು ರಾತ್ರಿ ಅಟ್ಟಣೆ ಮ್ಯಾಲೆ ಕಾವ್ಲು ಕೂರ್ಬೇಕು."

"ಗೋಣಿತಟ್ಟು ಅನ್ಬೇಡಜ್ಜಿ," ದೊಡ್ಡಪ್ಪ ನಕ್ಕರು. "ಅದು ರೇಷ್ಮೆ. ಪಾಳೇಗಾರರ ಡೇರೆ."

ದೊಡ್ಡಮಾದಮ್ಮ ಮಗನ ಕಡೆ ತಿರುಗಿದರು. "ಏನ್ಲಾ, ನಿಮ್ಮಪ್ಪ ರೇಷ್ಮೆ ಒದ್ಕಂಡು ಅಂದಿ ಓಡುಸ್ತಿದ್ನಾ?"

"ಅಂಗಂತ ಅಂತವ್ರೆ ಕನವ್ವ."

"ಮದ್ವೆಲಿ ನಂಗೆ ಉಡ್ಸಿದ್ದು ನೂಲ್ ಸೀರೆ. ರೇಷ್ಮೆಯ ಮರದ ಮ್ಯಾಲೆ ಬಚ್ಚಿಟ್ಟಿದ್ನಾ ಆ ನನ್ ಗಂಡ? ಬದ್ಕಿದ್ದಿದ್ರೆ ಕೇಳ್ತಿದ್ದೆ."

ಸೀರೆ ನೋಡುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ದೊಡ್ಡಪ್ಪನಿಗೆ ಗಿರಾಕಿಗಳ ಎದುರು ಉದಾರಿಯಾಗುವ ಅವಕಾಶ ಸಿಕ್ಕಿತು. "ಆಯ್ತು, ನಿಮಗೊಂದು ಹೊಸಾ ಟಾರ್ಪಾಲ್ ಕೊಡಿಸ್ತೀನಿ. ಒಳ್ಳೇ ನೀಲಿ ಬಣ್ಣದ್ದು."

"ಟಾರ್ಪಾಲ್ ಕಟ್ಟಿ ನೋಡಾಯ್ತು ಸಾ," ಎಂದರು ನಾಗಯ್ಯ. "ಗಾಳಿಗೆ ಪಟಪಟ ಅಂತದೆ. ಆನೆ ಬುಡುಕ್ಕೆ ಬಂದ್ರೂ ಕೇಳಕಿಲ್ಲ. ಬೆಳ್ಗಿನ್ ಜಾವ ಒಳಗಡೆನೇ ನೀರ್ ಕಟ್ಕಂಡು ಮೈಮೇಲೆ ತೊಟ್ಟಿಕ್ತದೆ. ಮೊನ್ನೆಯಿಂದ ಎದೆ ಕಟ್ಕಂಡದೆ ನಂಗೆ."

ಅವರು ಮಾತಿನ ನಡುವೆ ಕೆಮ್ಮುತ್ತಲೇ ಇದ್ದರು. ದೊಡ್ಡಪ್ಪ ಸೀರೆಗಳ ಕಡೆಗೆ ಕೆಮ್ಮಬೇಡಿ ಎಂಬಂತೆ ಕೈ ಅಡ್ಡ ಹಿಡಿದರು.

"ಮ್ಯೂಸಿಯಂ ಉದ್ಘಾಟನೆ ಆಗ್ಲಿ. ಡೇರೆ ಕೆಳಗೆ ಚೀಟೀಲಿ ನಿಮ್ಮ ಹೆಸರೂ ಹಾಕಿಸ್ತೀನಿ. ನಾಲ್ಕು ಜನ ಓದ್ತಾರೆ."

"ಎಸ್ರು ಒದ್ಕಂಡು ಮನಿಕ್ಕಳಾಕಾಯ್ತದಾ ಸಾ?" ಎಂದರು ದೊಡ್ಡಮಾದಮ್ಮ.

ದೊಡ್ಡಪ್ಪ ಮುಂದಿದ್ದ ಸೀರೆಯೊಂದನ್ನು ಮಡಿಸತೊಡಗಿದರು. ಅಜ್ಜಿಯ ಕಣ್ಣು ನನ್ನ ಮೇಲೆ ಬಿತ್ತು. "ನೀನೇನವ್ವ, ಮೂಲೇಲಿ ಬರ್ಕಂಡ್ ಕುಂತಿದ್ದೀಯ? ನೀನಾದ್ರೂ ಯೋಳು."

"ಅವಳೇ ಪರೀಕ್ಷೆ ಮಾಡಿ ಬರೆಯೋಳು," ಎಂದು ದೊಡ್ಡಪ್ಪ ನನ್ನ ತಲೆಗೆ ಕಟ್ಟಿ ಕೈ ತೊಳೆದುಕೊಂಡರು. "ಅವಳು ರೇಷ್ಮೆ ಅಲ್ಲ ಅಂತ ಬರೆದ್ರೆ ಅವತ್ತೇ ತಗೊಂಡೋಗಿ."

"ಅಂಗಾದ್ರೆ ಬಿರ್ನೆ ನೋಡವ್ವ. ಏನೂ ಬೆಲೆ ಇಲ್ದ ಮಾಲು ಅಂತ ಬರ್ದ್ಬುಡು. ನಿನ್ ಮಕ್ಳು ತಣ್ಣಗಿರ್ಲಿ."

ನನಗೆ ಮದುವೆಯೇ ಆಗಿಲ್ಲ ಎಂದು ಹೇಳಲೂ ನನಗೆ ಬಾಯಿ ಬರಲಿಲ್ಲ. ತಲೆ ಮಾತ್ರ ಆಡಿಸಿದೆ. ಅದಷ್ಟನ್ನೇ ಮಾತು ಎಂದುಕೊಂಡು ಅವರು ಬಸ್ಸಿಗೆ ಹೊರಟರು.

ಮರುದಿನ ಯಳಂದೂರಿನ ಸಂಗ್ರಹಾಲಯದಲ್ಲಿ ನಾನೊಬ್ಬಳೇ ಇದ್ದೆ. ಬಟ್ಟೆಯನ್ನು ಅಷ್ಟರಲ್ಲಿ ಅಲ್ಲಿಗೆ ಸಾಗಿಸಿದ್ದರು. ಕಿಟಕಿ ತೆರೆದು, ನೆಲದ ಮೇಲೆ ಅದನ್ನು ಹರಡಿ, ಭೂತಗನ್ನಡಿ ಹಿಡಿದು ಮಂಡಿಯೂರಿದೆ. ಕಾಲೇಜಿನಲ್ಲಿ ಕಲಿತದ್ದರಲ್ಲಿ ನನಗೆ ನಿಜವಾಗಿ ಹಿಡಿಸಿದ ಕೆಲಸ ಇದೊಂದೇ. ಬಟ್ಟೆಯನ್ನು ನೋಡುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಮೊದಲ ನೋಟಕ್ಕೇ ರೇಷ್ಮೆಯ ಕಥೆ ಮುಗಿಯಿತು. ರೇಷ್ಮೆಯ ಎಳೆ ಗಾಜಿನ ಕಡ್ಡಿಯಂತೆ ನುಣ್ಣಗೆ ಉದ್ದಕ್ಕೂ ಓಡುತ್ತದೆ. ಇಲ್ಲಿ ಪ್ರತಿ ಎಳೆಯಿಂದಲೂ ಗಿಡ್ಡ ಗಿಡ್ಡ ತುದಿಗಳು ಹೊರಗೆ ಚಾಚಿ ಮುಳ್ಳಿನಂತೆ ನಿಂತಿದ್ದವು. ಒರಟು, ಕಪ್ಪು, ನಡುನಡುವೆ ಕಂದು. ಮೇಕೆಯ ಕೂದಲು. ಯಾರೋ ಕೈಯಲ್ಲಿ ನೂತು, ಎರಡೆರಡು ಎಳೆ ಸೇರಿಸಿ ಬಿಗಿಯಾಗಿ ಹುರಿ ಮಾಡಿದ್ದರು. ಕೂದಲು ಸುಟ್ಟರೆ ಕೂದಲು ಸುಟ್ಟ ವಾಸನೆಯೇ ಬರುತ್ತದೆ, ಬೂದಿಯೂ ರೇಷ್ಮೆಯ ಬೂದಿಯಂತೆಯೇ ಪುಡಿಯಾಗುತ್ತದೆ. ದೊಡ್ಡಪ್ಪನ ನಲವತ್ತು ವರ್ಷದ ಅನುಭವ ಒಂದು ಮೇಕೆಯ ಮುಂದೆ ಮಂಡಿಯೂರಿತ್ತು. ನಾನು ಆ ಖಾಲಿ ಮನೆಯಲ್ಲಿ ಗಟ್ಟಿಯಾಗಿ ನಕ್ಕೆ.

ಆಮೇಲೆ ನೇಯ್ಗೆ ನೋಡಿದೆ. ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಹಾಸು ಎಳೆಗಳು ಎಷ್ಟು ಒತ್ತಾಗಿದ್ದವೆಂದರೆ, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಹೊರಗೆ ಎಲ್ಲೂ ಕಾಣುತ್ತಿರಲಿಲ್ಲ. ಮೇಲೆಲ್ಲ ಉದ್ದುದ್ದ ಏಣುಗಳು. ಮಳೆ ಬಿದ್ದರೆ ನೀರು ಅವುಗಳ ಗುಂಟ ಜಾರಿ ಇಳಿಯುವಂತೆ. ಅಂಚು ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ ಓಲಾಡಿತ್ತು. ಮನೆಯೊಳಗಿನ ಕುಳಿಮಗ್ಗದಲ್ಲಿ ಲಾಳಿ ಓಡಿಸಿದವರ ಅಂಚು ಹೀಗಿರುವುದಿಲ್ಲ. ಬಯಲಿನಲ್ಲಿ ಗೂಟ ಹೊಡೆದು, ನೆಲದ ಮೇಲೆ ಎಳೆ ಬಿಗಿದು, ಕೂತು ಕೂತು ಮುಂದಕ್ಕೆ ಸರಿಯುತ್ತ ನೇಯ್ದದ್ದು. ಆದ್ದರಿಂದಲೇ ಒಂದು ಮೊಳ ಅಗಲದ ಪಟ್ಟಿಗಳು. ಅವನ್ನು ಒಂದಕ್ಕೊಂದು ಹೊಲಿದು ದೊಡ್ಡದು ಮಾಡಿದ್ದರು.

ಒಂದು ವಿಷಯ ಮಾತ್ರ ಕೂಡಿಬರಲಿಲ್ಲ. ಪ್ರತಿ ಪಟ್ಟಿಯೂ ತುದಿಗಳಲ್ಲಿ ಗಟ್ಟಿಯಾಗಿದ್ದು ನಡುವೆ ಮಾತ್ರ ಸವೆದು ತೆಳ್ಳಗಾಗಿತ್ತು. ಅಂಚಿನುದ್ದಕ್ಕೂ, ಈಗಿನ ಹೊಲಿಗೆಯ ಪಕ್ಕದಲ್ಲೇ, ಯಾವ ದಾರವೂ ಇಲ್ಲದ ಹಳೆಯ ತೂತುಗಳ ಸಾಲು. ಒಂದು ತುದಿಯನ್ನು ಎತ್ತಿ ನಡುವಿನ ಕಡೆಗೆ ಮಡಿಸಿದೆ. ತೂತಿಗೆ ತೂತು ಸರಿಯಾಗಿ ಕೂತಿತು. ಇನ್ನೊಂದು ತುದಿಯನ್ನೂ ಮಡಿಸಿದೆ. ಎರಡು ಚೀಲ, ನಡುವೆ ಒಂದು ಖಾಲಿ ಪಟ್ಟೆ. ಸವೆದದ್ದು ಆ ಪಟ್ಟೆ. ಅದು ಎತ್ತಿನ ಬೆನ್ನಿನ ಜಾಗ.

ಹೇರುಚೀಲ! ಗಾಡಿ ಹೋಗಲಾರದ ಕಾಡುದಾರಿಗಳಲ್ಲಿ ಎತ್ತಿನ ಎರಡು ಮಗ್ಗುಲಿಗೂ ಜೋತುಬಿದ್ದು ಉಪ್ಪು, ದವಸ ಹೊತ್ತ ಚೀಲಗಳು. ಲಾರಿ ಬಂದು ಎತ್ತಿನ ಹೇರು ನಿಂತ ಮೇಲೆ ಯಾರೋ ಆ ಚೀಲಗಳ ಹೊಲಿಗೆ ಬಿಚ್ಚಿ, ಸಾಲಾಗಿ ಜೋಡಿಸಿ, ಈ ಹೊದಿಕೆ ಮಾಡಿಕೊಂಡಿದ್ದಾರೆ. ಇಂಥದ್ದರ ಒಂದು ಗೇಣು ತುಂಡನ್ನು ನಮ್ಮ ಕಾಲೇಜಿನಲ್ಲಿ ಗಾಜಿನ ಹಿಂದೆ ಇಟ್ಟು ಮುಟ್ಟಬೇಡಿ ಎಂದು ಬರೆದಿದ್ದರು. ಆ ಇಡೀ ಮನೆಯಲ್ಲಿ ನಿಜವಾಗಿ ಹಳೆಯದಾದ ವಸ್ತು ಇದೊಂದೇ. ಅದಕ್ಕೊಂದು ಸುಳ್ಳು ಹೆಸರು ಕಾದಿತ್ತು.

ಸುಳ್ಳು ಹೆಸರಿನ ಕೆಳಗಾದರೂ ಇದು ಇಲ್ಲಿಯೇ ಉಳಿಯಲಿ ಎಂದು ನನಗೆ ಅನಿಸಿತು. ಹೊಲಕ್ಕೆ ಹೋದರೆ ಇನ್ನೆಷ್ಟು ಮಳೆಗಾಲ? ಹಾಗೆ ಅನಿಸಿದಾಗಲೇ ನಾಗಯ್ಯನವರ ಕೆಮ್ಮೂ ನೆನಪಾಯಿತು. ಮಡಿಸಿದ್ದನ್ನು ಬಿಡಿಸಿ ಕೊಳ್ಳೇಗಾಲಕ್ಕೆ ಬಸ್ಸು ಹಿಡಿದೆ.

"ದೊಡ್ಡಪ್ಪ, ಅದು ರೇಷ್ಮೆ ಅಲ್ಲ."

ದೊಡ್ಡಪ್ಪ, ಮೇಷ್ಟ್ರು ಇಬ್ಬರೂ ಉದ್ಘಾಟನೆಯ ಹಾರಗಳ ಬಗ್ಗೆ ಮಾತಾಡುತ್ತಿದ್ದರು. "ಮತ್ತಿನ್ನೇನು?"

"ಕೂದಲು. ಮೇಕೆದು. ಕೂದಲೂ ರೇಷ್ಮೆನೂ ಸುಟ್ಟಾಗ ಒಂದೇ ವಾಸನೆ, ಅದಕ್ಕೇ..."

"ನಲವತ್ತು ವರ್ಷದಿಂದ ಎಳೆ ಸುಡ್ತಿದ್ದೀನಿ ಕಣಮ್ಮ ನಾನು. ನೀನು ಎರಡು ವರ್ಷ ಪುಸ್ತಕ ಸುಟ್ಟಿದ್ದೀಯ." ತಮ್ಮ ಮಾತಿಗೆ ತಾವೇ ನಕ್ಕರು.

"ಮೇಕೆ ಕೂದಲಲ್ಲಿ ಯಾರಾದರೂ ಡೇರೆ ಮಾಡುತ್ತಾರೆಯೇ ಮಗು?" ಎಂದರು ಮೇಷ್ಟ್ರು.

ಮರಳುಗಾಡಿನ ಜನ ಸಾವಿರಾರು ವರ್ಷದಿಂದ ಅದರಲ್ಲೇ ಮಾಡುತ್ತಿದ್ದಾರೆ. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹಾರಗಳ ಮಾತಿಗೆ ಮರಳಿದ್ದರು. ಚೀಟಿ ಬರೆಯಲು ಕೊಟ್ಟರು, ನಾನು ಬರೆಯಲಿಲ್ಲ. ಕೊನೆಗೆ ಮೇಷ್ಟ್ರೇ ಬರೆದರು, ಹಾವು ಹರಿದಂಥ ಅಕ್ಷರದಲ್ಲಿ: ಪಾಳೇಗಾರರ ಅಪ್ಪಟ ರೇಷ್ಮೆ ಡೇರೆ. ಬರೆದು ಮುಗಿಸಿ, "ಹೊಳಪೇ ಇಲ್ಲವಲ್ಲ ಸ್ವಾಮಿಯವರೇ, ಬಂದವರು ನಂಬಬೇಕಲ್ಲ" ಎಂದು ಅನುಮಾನ ಎತ್ತಿದರು. ತಮಗೇ ನಂಬಿಕೆಯಿಲ್ಲದವರಿಗೆ ಬರುವ ಅನುಮಾನ.

ದೊಡ್ಡಪ್ಪನ ಬಳಿ ಅದಕ್ಕೂ ಮದ್ದಿತ್ತು. "ರೋಲ್ ಪಾಲಿಶ್ ಮಾಡಿಸಿಬಿಡೋಣ!"

ಮಾಸಿದ ರೇಷ್ಮೆ ಸೀರೆಗೆ ಗಂಜಿ ಕುಡಿಸಿ, ಕಾದ ಉರುಳೆಗಳ ನಡುವೆ ಒತ್ತಿ, ಮಿಂಚುವಂತೆ ಮಾಡುವ ಕೆಲಸ ಅದು. ಹುಣಸೇ ತೊಗಟೆಯಂಥ ಈ ಬಟ್ಟೆಯನ್ನು ಆ ಉರುಳೆಗೆ ಕೊಟ್ಟರೆ ಕೂದಲು ಮುರಿಯುತ್ತದೆ, ಗಂಜಿ ಕೂತು ನೇಯ್ಗೆ ರಟ್ಟಾಗುತ್ತದೆ. ಆಮೇಲೆ ಸಂಗ್ರಹಾಲಯಕ್ಕೂ ಇಲ್ಲ, ಅಟ್ಟಣೆಗೂ ಇಲ್ಲ. ರಾತ್ರಿಯೆಲ್ಲ ಒಂದೇ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಹೇಳಿ ಹೇಳಿ ಹದ ಮಾಡಿಕೊಂಡೆ.

ಬೆಳಿಗ್ಗೆ ಬಟ್ಟೆ ಯಳಂದೂರಿನಿಂದ ಬಂದ ಮೇಲೆ ಪಾಲಿಶ್ ಅಂಗಡಿಯಲ್ಲಿ ಆ ವಾಕ್ಯ ಹೇಳಿದೆ. "ದೊಡ್ಡಪ್ಪ, ಮೊದಲು ಒಂದು ಮೂಲೆಗೆ ಬರೀ ಆವಿ ಹಿಡಿಸಿ ನೋಡಿ. ಅಪ್ಪಟ ಆಗಿದ್ರೆ ಅಷ್ಟಕ್ಕೇ ಹೊಳಪು ಬರುತ್ತಲ್ಲ."

"ಅದೂ ಸರಿಯೇ," ಎಂದರು. ನಾನು ಸೋತು ದಾರಿಗೆ ಬಂದೆ ಎಂದುಕೊಂಡರು.

ಪಾಲಿಶ್ ಮಾಡುವ ನಿಂಗರಾಜಣ್ಣ ಮೂಲೆಯನ್ನು ಹಬೆಯ ಪೆಟ್ಟಿಗೆಯ ಬಾಯಿಗೆ ಹಿಡಿದ. ಎಷ್ಟೋ ಮಳೆಗಾಲದ ಜಿಡ್ಡು, ಹೊಗೆ, ಬೆವರು ಕುಡಿದ ಕೂದಲು ಬಿಸಿ ನೀರಾವಿಗೆ ಒಮ್ಮೆಲೇ ಬಾಯಿ ಬಿಟ್ಟಿತು. ಬೆದೆಗೆ ಬಂದ ಹೋತ ಒಂದು ಅಂಗಡಿಯೊಳಗೆ ನುಗ್ಗಿ ಮೈ ಕೊಡವಿದರೆ ಹೇಗೋ ಹಾಗೆ. ಎದುರು ಅಂಗಡಿಯವರು ಮೂಗು ಮುಚ್ಚಿಕೊಂಡು ಬೀದಿಗೆ ಬಂದರು.

"ಏನ್ ಸ್ವಾಮಿ, ಆಡಿನ ದೊಡ್ಡಿ ಕಿತ್ಕೊಂಡ್ ಬಂದಿದ್ದೀರಾ?" ನಿಂಗರಾಜಣ್ಣ ಬಟ್ಟೆಯನ್ನು ನೆಲಕ್ಕೆ ಎಸೆದ. "ಧಾರೆ ಸೀರೆ ಅವೆ ಕನ ಇಲ್ಲಿ! ಈ ವಾಸ್ನೆ ಕೂತ್ರೆ ಮದ್ಲಿಂಗ ಹಸೆಯಿಂದ ಎದ್ ಓಡೋಯ್ತಾನೆ. ಮೊದ್ಲು ಎತ್ಕಳಿ!"

ದೊಡ್ಡಪ್ಪ ವಿಭೂತಿಯ ಹಣೆಯವರೆಗೂ ಕರ್ಚೀಫು ಏರಿಸಿಕೊಂಡಿದ್ದರು. "ಮೀನಾ, ಏನಿದು?"

"ಅದೇ ದೊಡ್ಡಪ್ಪ. ಹೋತ."

"ಶಿವನೇ! ಲಕ್ಷ್ಮಿ ಫೋಟೋ ಕೆಳಗೆ ಮೆತ್ತೆ ಮೇಲೆ ಇಟ್ಟಿದ್ದೆನಲ್ಲಪ್ಪ! ಹಲ್ಲಲ್ಲಿ ಬೇರೆ ಕಚ್ಚಿದ್ದೆ!"

ಬಸವಕುಮಾರ್ ಮೇಷ್ಟ್ರು ಆಗಲೇ ಬಾಗಿಲ ಹೊರಗಿದ್ದರು. "ನನಗೆ ಮೊದಲಿನಿಂದಲೂ ಅನುಮಾನವೇ. ಪಾಳೇಗಾರರು ರೇಷ್ಮೆ ತಗೊಂಡು ಶಿಕಾರಿಗೆ ಯಾಕೆ ಹೋಗುತ್ತಾರೆ?" ಎಂದು ಬೀದಿಗೆ ಕೇಳುವಂತೆ ಹೇಳಿದರು. ಚೀಟಿ ಬರೆದ ಕೈ ಅಷ್ಟು ಹೊತ್ತಿಗೆ ಜೇಬು ಸೇರಿತ್ತು.

ಹೇರುಚೀಲ, ಎತ್ತಿನ ಬೆನ್ನು, ಉಪ್ಪು, ಎಲ್ಲವೂ ನನ್ನ ತುಟಿಯ ತನಕ ಬಂದಿತ್ತು. ಹೇಳಿದ್ದರೆ ಮೇಷ್ಟ್ರು ಅಲ್ಲೇ ನಿಂತು ಅದನ್ನು ಪಾಳೇಗಾರರ ಹೇರುಚೀಲ ಮಾಡಿಬಿಡುತ್ತಿದ್ದರು. ನುಂಗಿಕೊಂಡೆ. ಹುಟ್ಟಿದಾಗಿನಿಂದ ಬೈಸಿಕೊಂಡು ಬಂದ ನನ್ನ ಮೌನ ಮೊದಲ ಸಲ ಒಂದು ಕೆಲಸಕ್ಕೆ ಬಂತು.

"ಇವತ್ತೇ ಆ ಅಜ್ಜಿ ಮನೆಗೆ ಸಾಗಿಸು," ಎಂದರು ದೊಡ್ಡಪ್ಪ. "ನೀನೇ ಹೋಗು. ಬಂದು ಸ್ನಾನ ಮಾಡಿ ಒಳಗೆ ಬಾ."

ಗೂಡ್ಸ್ ಆಟೋದಲ್ಲಿ ಸುರುಳಿಯ ಪಕ್ಕ ಕೂತು ಲೊಕ್ಕನಹಳ್ಳಿಗೆ ಹೋದೆ. ಗಾಳಿಗೆ ವಾಸನೆ ಕಡಿಮೆಯಾಗಿತ್ತು. ದಾರಿಯುದ್ದಕ್ಕೂ ಅಂಗೈಯನ್ನು ಆ ಏಣುಗಳ ಮೇಲಿಟ್ಟುಕೊಂಡಿದ್ದೆ. ಇಡೀ ಹೊದಿಕೆ ಅವರಿಗಿರಲಿ, ಒಂದೇ ಒಂದು ಪಟ್ಟಿ ನನಗೆ ಸಿಕ್ಕರೆ ಸಾಕು ಎಂಬ ಆಸೆ ದಾರಿ ಸವೆದಂತೆ ನ್ಯಾಯವಾಗಿ ಕಾಣತೊಡಗಿತು. ಇದರ ಬೆಲೆ ತಿಳಿದವಳು ನಾನೊಬ್ಬಳೇ ಅಲ್ಲವೇ?

ಹೊಲದಲ್ಲಿ ಹಂದಿ ಆಗಲೇ ಒಂದು ಮೂಲೆ ಮೇದು ಮಲಗಿಸಿತ್ತು. ನಾಗಯ್ಯ ಸುರುಳಿಯನ್ನು ಹೆಗಲಿಗೆ ಏರಿಸಿಕೊಂಡು ಮಾತಿಲ್ಲದೆ ಅಟ್ಟಣೆಯ ಕಡೆ ನಡೆದರು. ದೊಡ್ಡಮಾದಮ್ಮ ಅದನ್ನು ಮರದ ಬುಡದಲ್ಲಿ ಬಿಡಿಸಿ ಹೊಲಿಗೆಗಳನ್ನು ಒಂದೊಂದಾಗಿ ಎಳೆದು ನೋಡತೊಡಗಿದರು. ದೊಡ್ಡಪ್ಪ ಕತ್ತರಿ ಹಾಕಿದ ಜಾಗ ಸಿಕ್ಕಿತು.

"ಇಲಿ ಕಡ್ದದಾ?"

"ಇಲ್ಲಜ್ಜಿ, ನಮ್ಮ ದೊಡ್ಡಪ್ಪ."

ಅವರು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ನಾನು ಹೇಳಲು ಶುರುಮಾಡಿದೆ. ಜೀವಮಾನದಲ್ಲಿ ಯಾರೊಂದಿಗೂ ಅಷ್ಟು ಮಾತಾಡಿರಲಿಲ್ಲ. ಪಟ್ಟಿಯನ್ನು ಮಡಿಸಿ ತೂತುಗಳನ್ನು ಕೂಡಿಸಿ ತೋರಿಸಿದೆ, ಎತ್ತಿನ ಬೆನ್ನು ಕೂತ ಜಾಗ ತೋರಿಸಿದೆ, ಹಾಸು ಯಾವುದು ಹೊಕ್ಕು ಯಾವುದು ಎಂದು ವಿವರಿಸಿದೆ. ನಾಗಯ್ಯ "ಓ" ಅಂದರು. ಕೊನೆಗೆ ಕೇಳಿಯೇಬಿಟ್ಟೆ. "ಇದರಲ್ಲಿ ಒಂದು ಪಟ್ಟಿ ನನಗೆ ಕೊಡ್ತೀರಾ ಅಜ್ಜಿ? ಜೋಪಾನವಾಗಿ ಇಟ್ಕೋತೀನಿ."

ದೊಡ್ಡಮಾದಮ್ಮ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದರು.

"ನಿಮ್ ದೊಡ್ಡಪ್ಪ ರೇಷ್ಮೆ ಅಂತ ಮಡಿಕ್ಕಂಡ. ನೀನು ಅಳೇದು ಅಂತ ಕೇಳ್ತಾ ಇದ್ದೀಯ. ಎಲ್ರಿಗೂ ಇದೇ ಬೇಕಲ್ಲವ್ವ, ಯಾರ್ಗೂ ಒದ್ಕಳಾಕಲ್ಲ! ಒಂದ್ ಪಟ್ಟಿ ಬಿಚ್ಚುದ್ರೆ ಆ ಸಂದೀಲಿ ಇಬ್ನಿ ಯಾರ್ ಮ್ಯಾಲೆ ಬೀಳದು, ನಿನ್ ಮ್ಯಾಲಾ, ಇವ್ನ್ ಮ್ಯಾಲಾ?"

ಇಷ್ಟು ದಿನ ನಾನು ಮನಸ್ಸಿನಲ್ಲೇ ದೊಡ್ಡಪ್ಪನಿಗೂ ಮೇಷ್ಟ್ರಿಗೂ ಎತ್ತುತ್ತ ಬಂದ ಮಂಗಳಾರತಿಯಲ್ಲಿ ನನಗೂ ಒಂದು ಪಾಲು ಇತ್ತು ಎಂದು ಅಲ್ಲಿ ತಿಳಿಯಿತು. ಮಡಿಸಿ ಹಿಡಿದಿದ್ದ ಪಟ್ಟಿಯನ್ನು ಬಿಡಿಸಿಟ್ಟೆ.

ನಾಗಯ್ಯ ಅಷ್ಟರಲ್ಲಿ ಏಣಿ ಹತ್ತಿ ಹರಿದ ನೀಲಿ ಟಾರ್ಪಾಲನ್ನು ಕಿತ್ತು ಕೆಳಗೆ ಬಿಟ್ಟಿದ್ದರು. ತಟ್ಟಿನ ಒಂದು ತುದಿ ಹಗ್ಗದಲ್ಲಿ ಮೇಲೇರಿತು.

"ನೋಡ್ಕಂಡು ನಿಂತ್ಕಬ್ಯಾಡ," ಎಂದರು ದೊಡ್ಡಮಾದಮ್ಮ ನನಗೆ. "ಆ ಮೂಲೆ ಇಡ್ಕಂಡು ಎಳಿ."

ನಾನು ಎಳೆದೆ.

"ಇನ್ನೂ ಎಳಿಯವ್ವ," ಎಂದರು ನಾಗಯ್ಯ ಮೇಲಿನಿಂದ. "ಸುಕ್ಕು ಬಿದ್ರೆ ನೀರ್ ನಿಂತದೆ."